ಅವ್ವ, ಗುಂಡುಕಲ್ಲು ಮತ್ತು ಕಾರ್ ಸೀಟು

ನಮ್ಮ ಅವ್ವನ ಜೊತೆ ಅಂಗಡಿಗೆ ಹೋಗಿ ತಲೆ ಕೆಡಿಸಿಕೊಳ್ಳದೆ ವಾಪಸು ಬಂದವರು ಯಾರಾದರೂ ಇದ್ದರೆ ಅವರ ಕಾಲಿಗೆ ಬೀಳಲು ನಾನು ಸಿದ್ಧ. ಪೊರಕೆ ಕೊಳ್ಳಲು ಹೋದರೆ ಅಂಗಡಿಯ ನೆಲವನ್ನೇ ಗುಡಿಸಿ ನೋಡುತ್ತಾಳೆ. ದಿಂಬು ಕೊಳ್ಳಲು ಹೋದರೆ ಅಲ್ಲೇ ಬೆಂಚಿನ ಮೇಲೆ ಉರುಳಿಕೊಳ್ಳುತ್ತಾಳೆ. ಒಮ್ಮೆ ಕುಕ್ಕರ್ ತರಲು ಹೋಗಿ, ಅಂಗಡಿಯವನ ಕೈಲಿ ಇದ್ದಬದ್ದ ಕುಕ್ಕರುಗಳ ಮುಚ್ಚಳವನ್ನೆಲ್ಲ ಹಾಕಿಸಿ ತೆಗೆಸಿ, ಅವನ ಬೆವರಿಳಿಸಿ, ಕಡೆಗೆ ಮೊದಲು ತೋರಿಸಿದ್ದನ್ನೇ ತಂದಳು. ಇಂಥವಳನ್ನು ಕಟ್ಟಿಕೊಂಡು ಕೂಸಿಗೆ ತಳ್ಳುವ ಗಾಡಿ ಮತ್ತು ಕಾರ್ ಸೀಟು ಆರಿಸಲು ಹೊರಟೆನಲ್ಲ, ನನಗೆ ಬುದ್ಧಿ ಇದೆಯೇ?

ಅವ್ವನ ಹೆಸರು ದೊಡ್ಡಮಲ್ಲಮ್ಮ. ಗುಂಡ್ಲುಪೇಟೆಯಲ್ಲಿ ನಮ್ಮದು ಅರಿಶಿನದ ವ್ಯಾಪಾರದ ಮನೆ. ವ್ಯಾಪಾರ ಅಪ್ಪನದು, ಮಾತು ಅವ್ವನದು. ನಮ್ಮ ನಂಟರಿಷ್ಟರಲ್ಲಿ ಅವಳಿಗೆ ಇನ್ನೊಂದು ಅಧಿಕಾರವೂ ಉಂಟು. ನಮ್ಮ ಕಡೆ ಹೆರಿಗೆ, ಬಾಣಂತನ ಎಲ್ಲ ತವರಿನಲ್ಲಿ. ಮೂರು ತಿಂಗಳು ತುಂಬಿದ ಮೇಲೆ ಒಳ್ಳೆಯ ದಿನ ನೋಡಿ ಮಗುವನ್ನು ಅದರ ಅಪ್ಪನ ಮನೆಗೆ ಕರೆತರುತ್ತಾರೆ. ಆ ಮೊದಲ ದಾರಿಯನ್ನು ಮಗು ಅಪ್ಪನ ಕಡೆಯ ಹಿರಿಯ ಹೆಂಗಸಿನ ಮಡಿಲಲ್ಲೇ ದಾಟಬೇಕು. ನಮ್ಮವರಲ್ಲಿ ಆ ಮಡಿಲು ಯಾವಾಗಲೂ ಅವ್ವನದೇ. ಎತ್ತಿನ ಗಾಡಿಯಲ್ಲಿ, ಕಿಕ್ಕಿರಿದ ಬಸ್ಸಿನಲ್ಲಿ, ಅರಿಶಿನದ ಮೂಟೆ ತುಂಬಿದ ಟ್ರ್ಯಾಕ್ಟರಿನಲ್ಲಿ ಅವಳು ಮಕ್ಕಳನ್ನು ತಂದಿದ್ದಾಳೆ. ಮದ್ದೂರಿನ ಕಾಡುದಾರಿಯಲ್ಲಿ ಜೀಪಿನ ಹಿಂದೆ ಕೂತು, ಒಂದು ಕೈಲಿ ಕಂಬಿ, ಇನ್ನೊಂದು ಕೈಲಿ ನನ್ನ ಚಿಕ್ಕಪ್ಪನ ಮಗನನ್ನು ಹಿಡಿದು ಬಂದದ್ದನ್ನು ಈಗಲೂ ಹೇಳುತ್ತಾಳೆ. ಆ ಚಿಕ್ಕಪ್ಪನ ಮಗನಿಗೆ ಈಗ ಮೀಸೆ ನರೆಯುತ್ತಿದೆ, ಮದುವೆಮನೆಗಳಲ್ಲಿ ಅವನನ್ನು ಕಂಡರೆ ಸಾಕು, 'ಇವನ್ನ ತಂದೋಳು ನಾನು' ಎನ್ನುತ್ತಾಳೆ. ಅವನೋ, ಹೆತ್ತ ತಾಯಿಗಿಂತ ಹೆಚ್ಚು ಇವಳಿಗೆ ಹೆದರುತ್ತಾನೆ.

ಈ ಸಲ ತರಬೇಕಾಗಿದ್ದದ್ದು ನನ್ನ ತಮ್ಮ ಸಾಗರನ ಮಗಳನ್ನು. ಅವನ ಹೆಂಡತಿ ಶಿವರಂಜನಿಯ ತವರು ಚಂದಕವಾಡಿ. ಅಲ್ಲಿಂದ ಚಾಮರಾಜನಗರ ದಾಟಿ ಗುಂಡ್ಲುಪೇಟೆಗೆ ಬರಬೇಕು. ನಾನು ಚಾಮರಾಜನಗರದಲ್ಲೇ ಮನೆ ಮಾಡಿಕೊಂಡು, ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ತಯಾರಾದ ಮಾಲು ನೋಡಿ ಪಾಸು, ಫೇಲು ಹೇಳುವ ಕೆಲಸ. ಕಾರು ನನ್ನದೇ, ಓಡಿಸುವವಳೂ ನಾನೇ. ಆದ್ದರಿಂದ ಮಗುವನ್ನು ತರುವ ಗಾಡಿ ನನ್ನದು, ಮಡಿಲು ಅವ್ವನದು ಎಂದು ಯಾರೂ ಕೇಳದೆಯೇ ತೀರ್ಮಾನವಾಗಿತ್ತು.

ಹೀಗಿರುವಾಗ ಶಿವರಂಜನಿ ಫೋನ್ ಮಾಡಿದಳು. ಮದುವೆಗೆ ಮುಂಚಿನಿಂದಲೂ ಅವಳು ನರ್ಸು. ಯಾವತ್ತೂ ಏನನ್ನೂ ಕೇಳಿದವಳಲ್ಲ.

"ಅತ್ತಿಗೆ, ನಾನು ಎಮರ್ಜೆನ್ಸಿ ವಾರ್ಡಲ್ಲಿ ಕೆಲಸ ಮಾಡಿದೀನಿ. ತಾಯಿ ಮಡ್ಲಲ್ಲಿದ್ದ ಮಗು ಒಂದನ್ನ ಎತ್ಕೊಂಡ್ ಬಂದಿದ್ರು. ಕಾರು ಮರಕ್ಕೆ ತಗುಲಿತ್ತು ಅಷ್ಟೇ, ಜೋರಾಗೇನೂ ಅಲ್ಲ. ತಾಯಿಗೆ ಒಂದು ತರಚುಗಾಯ. ಮಗು ಉಳೀಲಿಲ್ಲ. ನನ್ ಪಾಪೂನ ಮಡ್ಲಲ್ಲಿ ಕಳ್ಸಕ್ಕೆ ನನ್ ಕೈಲಾಗಲ್ಲ. ಅತ್ತೆ ಮುಂದೆ ಹೇಳಕ್ಕೆ ಧೈರ್ಯನೂ ಇಲ್ಲ. ನೀವೇ ಏನಾದ್ರೂ ಮಾಡಿ ಅತ್ತಿಗೆ."

ಮಾಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಸೋದರತ್ತೆಯಾಗಿ ನಾನು ಕೊಡಬೇಕಿದ್ದ ಬೆಳ್ಳಿ ಉಡಿದಾರದ ಬದಲು ಕಾರ್ ಸೀಟೇ ನನ್ನ ಉಡುಗೊರೆ, ಜೊತೆಗೊಂದು ತಳ್ಳುವ ಗಾಡಿಯೂ ಇರಲಿ ಎಂದೆ. ಮಾತು ಕೊಡುವುದು ಬಲು ಸುಲಭ, ಅವ್ವನಿಗೆ ಹೇಳುವುದಿದೆಯಲ್ಲ, ಅದು ಬೇರೆ.

"ಮಗೀನ ಕಟ್ಟಾಕದಾ?" ಎಂದಳು ಅವ್ವ. "ಅದೇನ್ ಮೇಕೆಮರಿಯಾ?"

"ಕಟ್ಟಿಹಾಕೋದಲ್ಲವ್ವ, ಬೆಲ್ಟು."

"ಬೆಲ್ಟೋ ಅಗ್ಗವೋ, ಕಟ್ಟಾಕದೇ ತಾನೆ? ನಾನ್ ಸತ್ತೋಗಿದ್ದೀನಾ? ನನ್ ಮಡ್ಲಿಗೆ ಏನ್ ಬಂದದೆ ಅಂತೀನಿ?"

ಶಿವರಂಜನಿಯ ಹೆಸರು ಹೇಳುವಂತಿಲ್ಲ. ಹೇಳಿದರೆ ಅವಳು ಈ ಮನೆಗೆ ಕಾಲಿಡುವ ಮೊದಲೇ ಜಗಳ. ಎಲ್ಲ ನನ್ನದೇ ತಲೆಹರಟೆ ಎಂದು ಒಪ್ಪಿಕೊಂಡೆ. ಸಾಗರನಿಗೆ ಫೋನ್ ಮಾಡಿ, ಮಗು ನಿನ್ನದು, ನೀನಾದರೂ ಒಂದು ಮಾತು ಹೇಳೋ ಎಂದೆ. ಅವನದು ಗೊಬ್ಬರದ ಅಂಗಡಿ. "ಅಕ್ಕ, ನೀನೂ ಅವ್ವನೂ ಮಾತಾಡ್ಕಳಿ, ಅಂಗ್ಡೀಲಿ ಜನ ಅವ್ರೆ" ಎಂದು ಇಟ್ಟುಬಿಟ್ಟ. ಅವನ ಅಂಗಡಿಯಲ್ಲಿ ಜನ ಇರುವುದು ನಾನು ಫೋನ್ ಮಾಡಿದಾಗ ಮಾತ್ರ.

ಮೊದಲು ಗುಂಡ್ಲುಪೇಟೆಯಲ್ಲೇ ನೋಡೋಣ ಎಂದು ಒಂದು ಅಂಗಡಿಗೆ ಹೋದೆವು. ಕಾರ್ ಸೀಟು ಎಂದರೆ ಆ ಪುಣ್ಯಾತ್ಮ ಸೀಟ್ ಕವರುಗಳ ಕಟ್ಟು ತಂದು ಹಾಕಿದ. ಮಗುವಿಗೆ ಎಂದರೆ ವಾಕರ್ ತಂದ. ಮೂರು ತಿಂಗಳ ಕೂಸಿಗೆ ಕಣಪ್ಪ ಎಂದರೆ, "ಬೆಳೀತದಲ್ಲ ಮೇಡಂ" ಎಂದ. ಕೊನೆಗೆ ಮೇಲಿಂದ ಒಂದು ತಳ್ಳುವ ಗಾಡಿ ಇಳಿಸಿ, ಧೂಳು ಒರೆಸಿ, ಸುಯ್ಯೆಂದು ನಮ್ಮ ಕಡೆ ತಳ್ಳಿದ.

ಅವ್ವ ಹಾವು ತುಳಿದವಳ ಹಾಗೆ ಹಿಂದಕ್ಕೆ ಹಾರಿದಳು. "ನಿಲ್ಸಪ್ಪೋ! ಬರೀ ಗಾಡಿ ತಳ್ತಾರಾ ಯಾರಾರೂವ?"

ಬರಿದಾದ ತೊಟ್ಟಿಲನ್ನು ತೂಗಬಾರದು, ಅದು ಮಗುವಿಗೆ ಆಗಿಬರುವುದಿಲ್ಲ ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹೆಸರಿಡುವ ದಿನ ಕೂಡ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಮಲಗಿಸಿ, ತೂಗಿ, ಆಮೇಲೆ ಮಗುವನ್ನು ಹಾಕುತ್ತೇವೆ. ಆದರೆ ತೊಟ್ಟಿಲಿನ ಕಾನೂನನ್ನು ಚಕ್ರದ ಗಾಡಿಗೂ ಅನ್ವಯಿಸಿದ್ದು ಮಾತ್ರ ಅವ್ವನ ಸ್ವಂತ ತೀರ್ಪು. ಅಂಗಡಿಯವನು ನಕ್ಕ. ಅವನು ನಗಬಾರದಿತ್ತು. ಅವ್ವ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಮೆಟ್ಟಿಲಿಳಿದ ಮೇಲೆ ಚಪ್ಪಲಿ ಬಿಟ್ಟುಬಂದದ್ದು ನೆನಪಾಗಿ, ಅದನ್ನು ತರಲು ನನ್ನನ್ನು ಕಳಿಸಿದಳು.

ಮಗುವನ್ನು ತರುವ ದಿನ ಹತ್ತಿರ ಬಂತು. ಚಾಮರಾಜನಗರದಲ್ಲಿ ಗುರುಪಾದಸ್ವಾಮಿ ಎಂಬುವರ ಅಂಗಡಿಯಲ್ಲಿ ಇವೆಲ್ಲ ಇವೆ ಎಂದು ತಿಳಿದು, ಬಾ ಅವ್ವ ಎಂದು ಕರೆಸಿಕೊಂಡೆ. ಅವಳಿಲ್ಲದೆ ಕೊಂಡು ಮನೆಗೆ ತಂದ ವಸ್ತು ಅಟ್ಟ ಸೇರುತ್ತದೆ, ಅದು ನನಗೆ ಗೊತ್ತು. ಬಸ್ ಸ್ಟ್ಯಾಂಡಿನಲ್ಲಿ ಇಳಿದವಳ ಕೈಯಿಂದ ಬ್ಯಾಗು ತೆಗೆದುಕೊಳ್ಳಲು ಹೋದರೆ ನನ್ನ ಭುಜ ಕಿತ್ತುಬಂದಂತಾಯಿತು.

"ಏನವ್ವ ಇದು?"

"ಮೆಲ್ಲಗ್ ಕಣಮ್ಮಿ, ಮೆಲ್ಲಗೆ. ಗುಂಡುಕಲ್ಲು."

ಅಡುಗೆಮನೆಯ ಚಿಕ್ಕ ಒರಳಿನ ಗುಂಡುಕಲ್ಲು! ಅದಕ್ಕೆ ಹಳೇ ಮೆತ್ತನೆಯ ಸೀರೆ ಸುತ್ತಿ, ಹಣೆ ಇರಬೇಕಾದ ಕಡೆ ವಿಭೂತಿ ಬಳಿದು, ತಲೆಗೆ ಕುಲಾವಿ ಕಟ್ಟಿದ್ದಳು. ಗಾಡಿ ತಳ್ಳಿ ನೋಡದೆ ಕೊಳ್ಳುವುದು ಹೇಗೆ? ಬರೀ ಗಾಡಿ ತಳ್ಳುವುದಾದರೂ ಹೇಗೆ? ಎರಡಕ್ಕೂ ಇದೇ ಪರಿಹಾರ ಎಂದಳು. ತೂಕವೂ ಹೆಚ್ಚೂಕಡಿಮೆ ಮಗುವಿನಷ್ಟೇ ಇದೆಯಂತೆ. ಬಸ್ಸಿನಲ್ಲಿ ಮಡಿಲಿಗೆ ಹಾಕಿಕೊಂಡಿದ್ದಾಗ ಪಕ್ಕದವಳು, "ಗಂಡೋ ಎಣ್ಣೋ?" ಎಂದು ಕೇಳಿದ್ದಕ್ಕೆ, "ಎಣ್ಣು" ಎಂದಳಂತೆ. ನಡುರಸ್ತೆಯಲ್ಲಿ ಕೂತು ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಗುರುಪಾದಸ್ವಾಮಿಯವರು ಬಹಳ ತಾಳ್ಮೆಯ ಮನುಷ್ಯ. ಕಲ್ಲು ನೋಡಿ ಒಮ್ಮೆ ನನ್ನ ಮುಖ ನೋಡಿದರು, ನಾನು ಬೇರೆ ಕಡೆ ನೋಡಿದೆ. ಆಮೇಲೆ ಅವರು ಗಾಡಿಗಳನ್ನು ಇಳಿಸತೊಡಗಿದರು. ಅವ್ವ ಮೊದಲನೇ ಗಾಡಿಯಲ್ಲಿ ಕಲ್ಲು ಮಲಗಿಸಿ, ಹೊದಿಕೆ ಸರಿಮಾಡಿ, ಅಂಗಡಿ ಸುತ್ತಿ, ಹಾಗೆಯೇ ಬೀದಿಗೆ ಇಳಿದುಬಿಟ್ಟಳು. ಚರಂಡಿಯ ಚಪ್ಪಡಿಗಳ ಸಂದಿಗೆ ಮುಂದಿನ ಚಕ್ರ ಸಿಕ್ಕಿಕೊಂಡಿತು. ಇನ್ನೊಂದು ಗಾಡಿ ಮಡಚುತ್ತದೆ ಎಂದು ತೋರಿಸಲು ಹೋಗಿ ಗುರುಪಾದಸ್ವಾಮಿಯವರ ಬೆರಳೇ ಮಡಚಿತು. "ನಿಮ್ ಕೈಲೇ ಆಗ್ದಿದ್ದು ನನ್ ಕೈಲಾಯ್ತದಾ?" ಎಂದು ಅದನ್ನೂ ಬಿಟ್ಟಳು. ದೊಡ್ಡ ಚಕ್ರದ್ದೊಂದು ಸಿಕ್ಕಿತು. ಅದನ್ನು ತಳ್ಳಿಕೊಂಡು ಟೀ ಅಂಗಡಿಯ ತನಕ ಹೋದಳು. ಅಲ್ಲಿ ಯಾರೋ ಹೆಂಗಸು ಮಗುವನ್ನು ನೋಡಲು ಪ್ರೀತಿಯಿಂದ ಬಗ್ಗಿ, ಹೊದಿಕೆ ಸರಿಸಿ, "ಶಿವಶಿವಾ!" ಎಂದು ಚೀರಿದ್ದು ನಮ್ಮ ತನಕ ಕೇಳಿಸಿತು. ಅವ್ವ ಮಾತ್ರ ಗೆದ್ದ ಮುಖದಲ್ಲಿ ವಾಪಸಾದಳು.

"ಇದಾಯ್ತದೆ. ತಳ್ಳೋಳು ನಾನು ತಾನೆ."

ಅಲ್ಲಿಗೆ ಅರ್ಧ ಯುದ್ಧ ಮುಗಿಯಿತು. ಉಳಿದ ಅರ್ಧ ಅಂಗಡಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಯಾರೋ ಅಧಿಕಾರಿ ಹೇಳಿ ತರಿಸಿ, ವರ್ಗವಾಗಿ ಹೋಗಿ, ಬಿಟ್ಟಿದ್ದ ಕಾರ್ ಸೀಟು. ಊರಿಗೆಲ್ಲ ಅದೊಂದೇ. ಗುರುಪಾದಸ್ವಾಮಿಯವರು ನನ್ನ ಕಾರಿನ ಹಿಂದಿನ ಸೀಟಿನ ಮೇಲೆ ಅದನ್ನು ಮುಂದಕ್ಕೆ ಮುಖ ಮಾಡಿ ಕೂರಿಸಿದರು. ಜೊತೆಗಿದ್ದ ಪುಸ್ತಕ ನೋಡಿ, ಅದು ಹಿಂದಕ್ಕೆ ಮುಖ ಮಾಡಬೇಕು, ಚಿಕ್ಕ ಮಕ್ಕಳ ಕುತ್ತಿಗೆಗೆ ಅದೇ ಕ್ಷೇಮ ಎಂದೆ. ತಿರುಗಿಸಿ ಬೆಲ್ಟ್ ಬಿಗಿಯುವಷ್ಟರಲ್ಲಿ ಇಬ್ಬರೂ ಬೆವೆತು ನೀರಾದೆವು. ಅಲ್ಲಾಡಿಸಿ ನೋಡಿದೆ. ಕದಲಲಿಲ್ಲ. ನನ್ನ ಲೆಕ್ಕದಲ್ಲಿ ಪಾಸು.

ಅವ್ವ ಬಾಗಿಲ ಬಳಿ ನಿಂತು ನೋಡುತ್ತಿದ್ದಳು.

"ಇಂದಕ್ಕಾ?"

"ಹೂಂ."

"ಮೊದಲ್ನೇ ಸಲ ಅಪ್ಪನ್ ಮನೆಗ್ ಬರೋ ಮಗು, ತಾಯ್ ಮನೆ ಕಡೀಕ್ ಮೊಕ ಮಾಡ್ಕಂಡು, ನಮ್ಮನೆ ಕಡೀಕ್ ಬೆನ್ನಾಕ್ಕಂಡ್ ಬರದಾ?"

ಮಗುವಿಗೆ ಯಾವ ಕಡೆ ಯಾರ ಮನೆ ಎಂದು ತಿಳಿಯುವುದಿಲ್ಲ ಎಂದೆ. ಮನೆಗೆ ತಿಳೀತದೆ ಎಂದಳು. ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. ಇದು ನನ್ನ ಕಾರು, ನನ್ನ ಉಡುಗೊರೆ, ಮಗು ಇದರಲ್ಲೇ ಬರುತ್ತದೆ ಎಂದು ಬೀದಿಯಲ್ಲೇ ಕೂಗಾಡಿದೆ. ಗುರುಪಾದಸ್ವಾಮಿಯವರು ಮೆಲ್ಲಗೆ ಒಳಗೆ ಹೋದರು.

ಅವ್ವ ದನಿ ಏರಿಸಲಿಲ್ಲ. "ಬರ್ಲಿ ಬುಡು. ನಾನ್ ಮಾತ್ರ ಚಂದಕವಾಡಿಗೆ ಬರಕಿಲ್ಲ. ಮಡ್ಲು ಬ್ಯಾಡ ಅಂದ್ಮೇಲೆ ನನಗೇನ್ ಕೆಲ್ಸ ಅಲ್ಲಿ? ನೀನೇ ಕರ್ಕಂಬಾ."

ಅಜ್ಜಿ ಬಾರದೆ ಮಗುವನ್ನು ಕಳಿಸುವವರು ನಮ್ಮಲ್ಲಿ ಯಾರೂ ಇಲ್ಲ. ಬೀಗರು ಏನೆಂದುಕೊಳ್ಳುತ್ತಾರೆ? ಶಿವರಂಜನಿ ಹೆದರಿಕೊಂಡು, ಸೀಟೂ ಬೇಡ ಏನೂ ಬೇಡ, ಮಡಿಲಲ್ಲೇ ಬರಲಿ ಅತ್ತಿಗೆ ಎಂದುಬಿಡುತ್ತಾಳೆ. ಇದೆಲ್ಲ ಅವ್ವನಿಗೂ ಗೊತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಇಷ್ಟಾದ ಮೇಲೂ ಅವಳನ್ನು ಗುಂಡ್ಲುಪೇಟೆಗೆ ಬಿಟ್ಟುಬರಬೇಕಿತ್ತಲ್ಲ. ತಳ್ಳುವ ಗಾಡಿ ಡಿಕ್ಕಿಗೆ ಹಾಕಿದೆ. ಕಲ್ಲನ್ನೂ ಅಲ್ಲಿಗೇ ಹಾಕಲು ಎತ್ತಿದರೆ ಅವ್ವ ಕಿತ್ತುಕೊಂಡಳು. "ಮಗು ಅಂತ ಮಲಗ್ಸಿ ತಳ್ಳಿದ್ಮೇಲೆ ಡಿಕ್ಕಿಗ್ ಆಕ್ತಾರಾ?" ಹಾಗಾದರೆ ಆ ಸೀಟಿನಲ್ಲಾದರೂ ಕೂರಿಸು ಎಂದೆ. ಅದಕ್ಕೂ ಒಪ್ಪಲಿಲ್ಲ. ಮುಂದಿನ ಸೀಟಿನಲ್ಲಿ ಕೂತು, ಕಲ್ಲನ್ನು ಮಡಿಲಿಗೆ ಹಾಕಿಕೊಂಡು, ಎರಡೂ ಕೈ ಸುತ್ತಿ ಎದೆಗೆ ಒತ್ತಿಕೊಂಡಳು. ತಾನು ಬೆಲ್ಟ್ ಹಾಕುವುದಿಲ್ಲ ಎಂದು ಇನ್ನೊಂದು ಸುತ್ತು. ಬೆಲ್ಟ್ ಹಾಕದೆ ಕಾರು ಇಲ್ಲಿಂದ ಕದಲುವುದಿಲ್ಲ ಎಂದು ಕೀ ತೆಗೆದು ಕೈಲಿ ಹಿಡಿದು ಕೂತೆ. ಕೊನೆಗೆ, "ಆಕು, ನನ್ನೂ ಕಟ್ಟಾಕು" ಎಂದಳು. ನಾನೇ ಬಗ್ಗಿ ಅವಳಿಗೆ ಹಾಕಿದೆ.

ದಾರಿಯುದ್ದಕ್ಕೂ ಉಪದೇಶ. "ನೋಡು, ಇಂಗ್ ಇಡ್ಕಬೇಕು. ತಲೆ ತೋಳ್ಗೆ ಬರ್ಬೇಕು. ಇದ್ಕಿಂತ ಭದ್ರ ಯಾವ್ ಸೀಟಮ್ಮಿ? ನಿನ್ನ ಇಡ್ಕಂಡ್ ಬಂದಿದ್ದೂ ಇಂಗೇಯ." ನಾನು ಹಲ್ಲು ಕಚ್ಚಿಕೊಂಡು ಓಡಿಸುತ್ತಿದ್ದೆ. ತೆರಕಣಾಂಬಿ ದಾಟಿದ ಮೇಲೆ ನಮ್ಮ ಮುಂದೊಂದು ಚೆಂಡುಹೂವಿನ ಟೆಂಪೋ ಹೋಗುತ್ತಿತ್ತು. ರಸ್ತೆಗೆ ಅಡ್ಡಲಾಗಿ ಹೊಸದಾಗಿ ಹಾಕಿದ್ದ ಹಂಪು, ಬಣ್ಣ ಬಳಿದಿಲ್ಲ, ಬೋರ್ಡಿಲ್ಲ. ಟೆಂಪೋದವನು ಹಂಪು ಕಂಡು ಗಕ್ಕನೆ ನಿಲ್ಲಿಸಿದ. ನಾನು ಬ್ರೇಕ್ ತುಳಿದೆ.

ನಾನು ಜೋರಾಗಿ ಹೋಗುತ್ತಿರಲಿಲ್ಲ. ಟೆಂಪೋಗೆ ಮುಟ್ಟಲೂ ಇಲ್ಲ. ಧಡಾರ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಡ್ಯಾಶ್‌ಬೋರ್ಡಿನ ಡಬ್ಬಿಯ ಮುಚ್ಚಳ ಚೂರುಚೂರಾಗಿ ಒಳಕ್ಕೆ ಹೋಗಿತ್ತು. ಕಲ್ಲು ಅವ್ವನ ಕಾಲ ಬಳಿ ಉರುಳಿ ಬಿದ್ದಿತ್ತು. ಕುಲಾವಿ ಬೇರೆ, ಸೀರೆ ಬೇರೆ. ಅವಳ ಪಾದಕ್ಕೆ ಬೀಳದಿದ್ದದ್ದು ಪುಣ್ಯ. ಬೆಲ್ಟಿನಿಂದಾಗಿ ಅವ್ವ ಕೂತಲ್ಲೇ ಇದ್ದಳು, ಒಂದು ಗೀರೂ ಇಲ್ಲ. ಅವಳ ಎರಡು ಕೈಗಳೂ ಎದೆಯ ಮುಂದೆ ಹಾಗೆಯೇ ಸುತ್ತಿಕೊಂಡಿದ್ದವು, ಮಧ್ಯೆ ಏನೂ ಇರಲಿಲ್ಲ.

ನನಗೆ ಗಾಬರಿಯಾದರೆ ಮೊದಲು ಬರುವುದು ಸಿಟ್ಟು. ಇಳಿದು ಟೆಂಪೋದವನಿಗೆ ಬಾಯಿಗೆ ಬಂದಂತೆ ಬೈದೆ. ಹಂಪು ಹಾಕಿದವರಿಗೆ ಬೈದೆ. ಅವನು ಹೊರಟುಹೋದ ಮೇಲೆ, ಈಗ ಅವ್ವನಿಗೆ ಇದೆ ಎಂದುಕೊಂಡು ಕಾರಿನ ಬಾಗಿಲು ತೆಗೆದೆ. ನಾನು ಹೇಳಿದ್ದೆನಲ್ಲ, ಈಗ ಗೊತ್ತಾಯ್ತಾ ಎಂಬ ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು.

ಅವ್ವ ಇನ್ನೂ ಕೈ ಬಿಡಿಸಿರಲಿಲ್ಲ. "ನಾನ್ ಬುಡ್ನಿಲ್ಲ ಕಣಮ್ಮಿ" ಎಂದಳು. "ಗಟ್ಯಾಗೇ ಇಡ್ಕಂಡಿದ್ದೆ. ನಾನ್ ಕೈ ಬುಡ್ನೇ ಇಲ್ಲ."

ಅಷ್ಟು ದಿನದಿಂದ ಕಾಯುತ್ತಿದ್ದ ಗೆಲುವು ಎದುರಿಗೇ ಇದ್ದರೂ ನನಗೆ ಬೇಡವಾಯಿತು. ಕಲ್ಲನ್ನೆತ್ತಿ ಡಿಕ್ಕಿಗೆ ಹಾಕಿದೆ, ಅವಳು ಬೇಡ ಎನ್ನಲಿಲ್ಲ. ಮನೆ ಬಂತು. ಅವ್ವ ಇಳಿದು ಒಳಗೆ ಹೋಗಿ ನೀರು ಕುಡಿದಳು, ನಡೆದದ್ದನ್ನು ಅಪ್ಪನಿಗೂ ಹೇಳಲಿಲ್ಲ. ಚಂದಕವಾಡಿಗೆ ಬರುತ್ತೀಯಾ ಇಲ್ಲವಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಬಂದಳು. ಮಗುವನ್ನು ತರುವ ದಿನ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ಸೀಟಿನಲ್ಲಿದ್ದುದನ್ನು ನೋಡಿದರೂ ನೋಡದವಳ ಹಾಗೆ ಅದರ ಪಕ್ಕದಲ್ಲೇ ಕೂತಳು. ಅವಳ ಮನಸ್ಸಿನಲ್ಲೇನಿದೆ ಎಂದು ನನಗೆ ತಿಳಿಯಲಿಲ್ಲ. ಅಲ್ಲಿ ಬೀಗರ ಮುಂದೆ ರಂಪ ಮಾಡಿದರೆ ಏನು ಗತಿ ಎಂದು ಕನ್ನಡಿಯಲ್ಲಿ ಆಗಾಗ ಅವಳನ್ನು ನೋಡುತ್ತಲೇ ಕಾರು ಓಡಿಸಿದೆ.

ಚಂದಕವಾಡಿಯಲ್ಲಿ ಊಟ ಆಯಿತು, ಆರತಿ ಆಯಿತು. ಕೇರಿಯ ಹೆಂಗಸರೆಲ್ಲ ಕಾರಿನ ಸುತ್ತ ಸೇರಿದರು. ಶಿವರಂಜನಿಯ ತಾಯಿ ಶಿವಮ್ಮ ಮಗುವನ್ನು ಎತ್ತಿಕೊಂಡು ಬಂದರು. ಹಿಂದೆಯೇ ಶಿವರಂಜನಿ. ಅವಳು ಯಾರ ಕಡೆಯೂ ನೋಡದೆ ನನ್ನನ್ನೇ ನೋಡುತ್ತಿದ್ದಳು. ಸಾಗರ ಟೈರು ನೋಡುತ್ತಿದ್ದ. ಅವ್ವ ಕಾರಿನೊಳಗೆ ಕೂತಿದ್ದಳು.

"ತಕಳಿ ಅಕ್ಕ" ಎಂದರು ಶಿವಮ್ಮ. "ಮಡ್ಲು ಒಡ್ಡಿ."

ಅವ್ವ ಸೆರಗು ಒಡ್ಡಲಿಲ್ಲ. ಮಗುವಿನ ಕೆನ್ನೆಯನ್ನು ಬೆರಳಿನಿಂದ ಮುಟ್ಟಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು. ಅಷ್ಟು ಜನರಿಗೂ ಕೇಳುವ ಹಾಗೆ ಹೇಳಿದಳು.

"ನನ್ ಮಡ್ಲು ಸಾಲ್ದು ಕಣ್ ಶಿವಮ್ಮ. ಮಗೀನ ಆ ಸೀಟ್ಗೇ ಆಕಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂದಕ್ಕೆ ಮೊಕ ಮಾಡದಾ ಎಂದು ಯಾರೋ ಹಿಂದಿನಿಂದ ಕೇಳಿದರು. "ಊಂ, ಇಂದಕ್ಕೇಯ" ಎಂದಳು ಅವ್ವ. ಶಿವರಂಜನಿ ತಾಯಿಯ ಕೈಯಿಂದ ಮಗುವನ್ನು ತೆಗೆದುಕೊಂಡು ಅದರಲ್ಲಿ ಮಲಗಿಸಿ, ಬೆಲ್ಟ್ ಹಾಕಲು ಬಗ್ಗಿದಳು. ನಾನು ಸಹಾಯ ಮಾಡಲು ಹೋದರೆ ನನ್ನ ಕಣ್ಣು ಮಂಜಾಗಿ, ಬಕಲು ಎಲ್ಲಿದೆ ಎಂದು ಕಾಣಲಿಲ್ಲ.

ಹೊರಟ ಮೇಲೆ ಮಗು ಚಾಮರಾಜನಗರದ ತನಕ ಅತ್ತಿತು. ಅವ್ವ ಎತ್ತಿಕೊಳ್ಳಲಿಲ್ಲ. ಪಕ್ಕದಲ್ಲಿ ಬಗ್ಗಿ, ತನ್ನ ಬೆರಳನ್ನು ಅದರ ಮುಷ್ಟಿಗೆ ಕೊಟ್ಟು, ಏನೇನೋ ಹೇಳುತ್ತಿದ್ದಳು. ನಿಧಾನವಾಗಿ ಹೋಗು ಎಂದು ನನಗೆ ಗದರಿದಳು. ಅಷ್ಟು ನಿಧಾನವಾಗಿ ಹೋದರೆ ಹಿಂದಿನವರು ಹಾರನ್ ಹೊಡೆಯುತ್ತಾರೆ ಎಂದರೆ, ಒಡ್ಕಳ್ಳಿ ಬುಡು ಎಂದಳು. ಆಮೇಲೆ ಮಗು ನಿದ್ದೆ ಹೋಯಿತು. ಆ ಕಡೆ ಕೂತಿದ್ದ ಶಿವರಂಜನಿಯೂ ಕಿಟಕಿಗೆ ಒರಗಿ ಕಣ್ಣು ಮುಚ್ಚಿದಳು. ಸಾಗರ ನನ್ನ ಪಕ್ಕದಲ್ಲಿ ಮೊದಲೇ ಗೊರಕೆ ಹೊಡೆಯುತ್ತಿದ್ದ.

"ಲಕ್ಷ್ಮೀ" ಎಂದಳು ಅವ್ವ, ಹಿಂದಿನಿಂದ, ಮೆಲ್ಲಗೆ.

"ಏನವ್ವ?"

"ಅಷ್ಟ್ ಮಕ್ಳ ನಾನೇ ಇಡ್ಕಂಡ್ ಕಾಪಾಡ್ಕಂಡ್ ಬಂದೆ ಅನ್ಕಂಡಿದ್ದೆ ಕಣಮ್ಮಿ. ದಾರೀಲಿ ಏನೂ ಅಡ್ಡ ಬರ್ನಿಲ್ಲ, ಅಷ್ಟೇಯ."

ಹಾಗೆಲ್ಲ ಅನ್ನಬೇಡವ್ವ ಎನ್ನಬೇಕೆಂದುಕೊಂಡೆ. ಅವಳು ಹೇಳಿದ್ದು ನಿಜವಾಗಿತ್ತು. ನಾನು ಕಾರಿನ ವೇಗವನ್ನು ಇನ್ನೂ ಸ್ವಲ್ಪ ಇಳಿಸಿದೆ.